ಏಳು ಮಾತ್ರೆಯನ್ನು ಎಲ್ಲಿ ಒಡೆಯಬೇಕು?

ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಹೊರತಂದದ್ದು 1931ರಲ್ಲಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮತ್ತು ಅವರ ಒಡನಾಡಿಗಳು ಇಂಡಿ ಸೀಮೆಯ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರು. ಮುಂದೆ ಲಾವಣಿಗಳ ‘ಜೀವನ ಸಂಗೀತ’ ಬಂತು, ‘ಮಲ್ಲಿಗೆ ದಂಡೆ’ ಬಂತು. ಕನ್ನಡದ ಜಾನಪದ ಅಧ್ಯಯನ ಇಂದಿಗೂ ಆ ಪುಸ್ತಕಗಳ ಋಣದಲ್ಲಿದೆ. ಆದರೆ ಅವು ಕಾಪಾಡಿದ್ದು ಮಾತನ್ನು. ಧಾಟಿ ಕೊರಳಲ್ಲೇ ಉಳಿಯಿತು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದ ಮೇಲೆ ಎಷ್ಟೋ ಧಾಟಿಗಳು ಆ ಕೊರಳುಗಳ ಜೊತೆಗೇ ಹೋದವು.

ಗೆಳೆಯರನ್ನು ದೂರುವ ಮಾತಲ್ಲ ಇದು. ಅಚ್ಚುಮೊಳೆಯ ಆ ಕಾಲದಲ್ಲಿ ಸ್ವರಲಿಪಿ ಅಚ್ಚು ಹಾಕಿಸುವುದು ಖರ್ಚಿನ ಕೆಲಸ. ಅದನ್ನು ಜೋಡಿಸಬಲ್ಲವರೂ ಕಡಿಮೆ. ಇವತ್ತು ಆ ನೆವ ಉಳಿದಿಲ್ಲ. ನಾಲತವಾಡದಂಥ ಊರಿನಲ್ಲಿ ಹಳೆಯದೊಂದು ಲ್ಯಾಪ್‌ಟಾಪ್ ಇದ್ದ ಹುಡುಗ ಅಥವಾ ಹುಡುಗಿ, ಒಂದು ರೂಪಾಯಿ ಖರ್ಚಿಲ್ಲದೆ, ಅಜ್ಜಿಯ ಹಾಡನ್ನು ಸ್ವರಸಮೇತ ಅಚ್ಚಿನ ಪುಟದ ಹಾಗೆ ತಯಾರಿಸಬಹುದು. ಅದಕ್ಕೆ ಬೇಕಾದ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಹಾಲೆಂಡಿನ ಹಾನ್-ವೆನ್ ನೀನ್‌ಹೌಸ್ ಮತ್ತು ಯಾನ್ ನ್ಯೂವನ್‌ಹೌಜನ್ 1996ರಲ್ಲಿ ಆರಂಭಿಸಿದ ‘ಲಿಲಿಪಾಂಡ್’ ಒಂದು. ಜರ್ಮನಿಯ ವೆರ್ನರ್ ಶ್ವೀರ್ ಶುರುಮಾಡಿದ ‘ಮ್ಯೂಸ್‌ಸ್ಕೋರ್’ ಇನ್ನೊಂದು. ಮೊದಲನೆಯದರಲ್ಲಿ ಸ್ವರಗಳನ್ನು ಅಕ್ಷರಗಳಲ್ಲಿ ಟೈಪ್ ಮಾಡಿದರೆ ಅದು ಚಿತ್ರ ಬರೆದುಕೊಡುತ್ತದೆ. ಎರಡನೆಯದರಲ್ಲಿ ಪರದೆಯ ಮೇಲೆ ಮೌಸ್ ಒತ್ತಿ ನೇರವಾಗಿಯೇ ಬರೆಯಬಹುದು.

ಕೆಲಸ ಶುರುವಾದ ಹತ್ತು ನಿಮಿಷಕ್ಕೇ ಒಂದು ತೊಡಕು ಎದುರಾಗುತ್ತದೆ. ಹಿಂದೂಸ್ತಾನಿಯ ಏಳು ಮಾತ್ರೆಯ ರೂಪಕ ತಾಳದ ಒಂದು ಭಜನೆಯನ್ನು ಹಾಕಿ ನೋಡಿ. ಸ್ವರ ಸರಿ, ಮಾತ್ರೆಗಳ ಲೆಕ್ಕ ಸರಿ, ಆದರೂ ಪುಟ ನೋಡಿ ಹಾಡುವವನು ಮುಗ್ಗರಿಸುತ್ತಾನೆ. ಕಾರಣ, ಸ್ವರಗಳ ತಲೆಯ ಮೇಲೆ ತಂತ್ರಾಂಶ ತಾನಾಗಿಯೇ ಹಾಕಿದ ಅಡ್ಡಪಟ್ಟಿಗಳು. ಸಂಗೀತದ ಭಾಷೆಯಲ್ಲಿ ಅದಕ್ಕೆ ಬೀಮ್ ಎನ್ನುತ್ತಾರೆ.

ಪಾಶ್ಚಾತ್ಯರ ಐದು ಗೆರೆಯ ಸ್ವರಲಿಪಿಯಲ್ಲಿ, ಅಂದರೆ ಸ್ಟಾಫ್ ನೊಟೇಶನ್ನಿನಲ್ಲಿ, ಪ್ರತಿ ಸ್ವರಕ್ಕೂ ಒಂದು ಗುಂಡು ತಲೆ, ಅದಕ್ಕೊಂದು ಕಡ್ಡಿ. ಸ್ವರದ ಕಾಲ ಚಿಕ್ಕದಾದರೆ ಕಡ್ಡಿಗೆ ಬಾಲ ಹುಟ್ಟುತ್ತದೆ. ಒಂದು ಬಾಲವಿದ್ದರೆ ಕಾಲ ಅರ್ಧ, ಎರಡಿದ್ದರೆ ಕಾಲು ಭಾಗ. ಬಾಲದ ಸ್ವರಗಳು ಸಾಲಾಗಿ ಬಂದಾಗ ಒಂದೊಂದಕ್ಕೂ ಬಾಲ ಬಿಡಿಸುವ ಬದಲು ಎಲ್ಲವನ್ನೂ ಸೇರಿಸಿ ಮೇಲೊಂದು ದಪ್ಪ ಪಟ್ಟಿ ಎಳೆಯುತ್ತಾರೆ. ಬೀಮ್ ಎಂದರೆ ಇದೇ. ಎರಡು ಬಾಲದ ಸ್ವರಗಳಾದರೆ ಎರಡು ಪಟ್ಟಿ. ಸ್ವರದ ಎತ್ತರ ಬದಲಾಗದು, ಕಾಲವೂ ಬದಲಾಗದು. ಯಾವ ಸ್ವರಗಳು ಒಂದೇ ಪೆಟ್ಟಿನ ಒಳಗೆ ಬರುತ್ತವೆ, ಹೊಸ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದು ಮಾತ್ರ ಕಣ್ಣಿಗೆ ಕಾಣುತ್ತದೆ.

ಇದು ನಮಗೆ ಹೊಸದೇನಲ್ಲ. ಹಿಂದೂಸ್ತಾನಿ ಸಂಗೀತದಲ್ಲಿ ಭಾತಖಂಡೆಯವರ ಕ್ರಮಿಕ ಪುಸ್ತಕ ಓದಿದವರು, ಗಾಂಧರ್ವ ಮಹಾವಿದ್ಯಾಲಯದ ಪರೀಕ್ಷೆಗೆ ಕೂತವರು ನೆನಪಿಸಿಕೊಳ್ಳಲಿ. ಒಂದೇ ಮಾತ್ರೆಯಲ್ಲಿ ಎರಡು, ಮೂರು, ನಾಲ್ಕು ಸ್ವರ ಬಂದರೆ ಅವುಗಳ ಕೆಳಗೆ ಬಟ್ಟಲಿನ ಆಕಾರದ ಒಂದು ಕಮಾನು ಎಳೆಯುತ್ತೇವೆ. ಕರ್ನಾಟಕ ಸಂಗೀತದ ಪಾಠಪುಸ್ತಕದಲ್ಲಿ ಸ್ವರಾಕ್ಷರಗಳ ತಲೆಯ ಮೇಲೆ ಒಂದು ಗೆರೆ ಎಳೆದರೆ ಕಾಲ ಅರ್ಧವಾಯಿತು, ಎರಡು ಗೆರೆ ಎಳೆದರೆ ಕಾಲು ಭಾಗವಾಯಿತು. ಒಂದು ಪಟ್ಟಿ, ಎರಡು ಪಟ್ಟಿ ಎಂಬ ಲೆಕ್ಕ ಪಾಶ್ಚಾತ್ಯರದಕ್ಕೆ ಅಕ್ಷರಶಃ ಹೊಂದುತ್ತದೆ. ಒಬ್ಬರಿಂದೊಬ್ಬರು ಕಲಿತರೋ, ತಂತಮ್ಮ ಪಾಡಿಗೆ ಕಂಡುಕೊಂಡರೋ, ಲಯವನ್ನು ಕಾಗದಕ್ಕೆ ಇಳಿಸಹೊರಟವರೆಲ್ಲ ಕೊನೆಗೆ ಒಂದು ಗೆರೆಯನ್ನೇ ಹಿಡಿದಿದ್ದಾರೆ.

ಕೈಯಿಂದ ಬರೆಯುವಾಗ ಆ ಗೆರೆ ಎಲ್ಲಿ ಮುರಿಯಬೇಕೆಂದು ತೀರ್ಮಾನಿಸುವವರು ನಾವು. ಕಂಪ್ಯೂಟರಿನಲ್ಲಿ ತೀರ್ಮಾನ ಅದರದು. ಅದು ಊಹೆ ಮಾಡುವುದಿಲ್ಲ, ಹಾಡು ಕೇಳುವುದಂತೂ ಇಲ್ಲ. ತನ್ನಲ್ಲಿರುವ ಒಂದು ಕೋಷ್ಟಕವನ್ನು ನೋಡುತ್ತದೆ. ಪುಟದ ಮೊದಲಲ್ಲಿ ನಾವು ಕೊಟ್ಟ ಟೈಮ್ ಸಿಗ್ನೇಚರ್, ಅಂದರೆ ಒಂದು ಆವರ್ತನಕ್ಕೆ ಯಾವ ಅಳತೆಯ ಸ್ವರ ಎಷ್ಟು ಎಂಬ ಅಂಕಿ, ಅದಕ್ಕೆ ಆಧಾರ. ಆ ಅಂಕಿಗೆ ಯುರೋಪಿನ ರೂಢಿಯಲ್ಲಿ ಯಾವ ಗುಂಪೋ ಅದನ್ನೇ ಹಾಕುತ್ತದೆ. 3/4 ಎಂದರೆ ಒಂದು ಬಾಲದ ಆರು ಸ್ವರಗಳನ್ನು ಲಿಲಿಪಾಂಡ್ ಒಂದೇ ಪಟ್ಟಿಗೆ ಕಟ್ಟುತ್ತದೆ. 6/8 ಎಂದರೆ ಅದೇ ಆರು ಸ್ವರ ಮೂರು-ಮೂರಾಗಿ ಒಡೆಯುತ್ತವೆ. ಈ ಎರಡನೆಯದು ನಮ್ಮ ದಾದರಾ ತಾಳಕ್ಕೆ ಸರಿಯಾಗಿ ಕೂಡುತ್ತದೆ: ಧಾ ಧಿ ನಾ, ಧಾ ತಿ ನಾ. ಕೆಹರವಾಕ್ಕೂ ಹೆಚ್ಚು ಕಷ್ಟವಿಲ್ಲ. 4/4 ಎಂದು ಹಾಕಿದರೆ ಒಂದು ಬಾಲದ ಎಂಟು ಸ್ವರ ನಾಲ್ಕು-ನಾಲ್ಕಾಗಿ ಬರುತ್ತವೆ, ತಬಲಾದವನೂ ಹಾಗೆಯೇ ಎಣಿಸುತ್ತಾನೆ. ಆದರೆ 8/8 ಎಂದು ಬರೆದಿರೋ, ಅದೇ ಎಂಟು ಮೂರು-ಮೂರು-ಎರಡಾಗಿ ಒಡೆದು ಕೆಹರವಾದ ಬೆನ್ನು ಮುರಿಯುತ್ತದೆ.

ಏಕತಾಳದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಹನ್ನೆರಡು ಮಾತ್ರೆ, ಎರಡೆರಡರ ಆರು ವಿಭಾಗ. ಹನ್ನೆರಡು ಎಂದಾಕ್ಷಣ ನೀವು 12/8 ಎಂದು ಕೊಡುತ್ತೀರಿ. ಯುರೋಪಿನ ರೂಢಿಯಲ್ಲಿ 12/8 ಎಂದರೆ ಮೂರು-ಮೂರರ ನಾಲ್ಕು ಗುಂಪು. ಆರು ವಿಭಾಗದ ತಾಳ ನಾಲ್ಕು ಪೆಟ್ಟಿನದಾಗಿ ಹೋಯಿತು! ಸ್ವರ ಒಂದೂ ತಪ್ಪಿಲ್ಲ, ತಾಳ ಮಾತ್ರ ಬೇರೆಯದಾಗಿದೆ. ಹದಿನಾಲ್ಕು ಮಾತ್ರೆಯದು ಇನ್ನೊಂದು ಪೇಚು. ದೀಪಚಂದಿ 3-4-3-4, ಧಮಾರ್ 5-2-3-4. ಎರಡರ ಮೊತ್ತವೂ ಹದಿನಾಲ್ಕೇ. 14/8 ಎಂಬ ಅಂಕಿಯಿಂದ ಯಾವ ಯಂತ್ರವೂ ಇವೆರಡನ್ನು ಬೇರೆ ಮಾಡಲಾರದು, ಯಾವ ಮನುಷ್ಯನೂ ಮಾಡಲಾರ. ಹತ್ತು ಮಾತ್ರೆಯ ಝಪತಾಳ 2-3-2-3, ಅದೇ ಹತ್ತರ ಸೂಲತಾಳ ಎರಡೆರಡರ ಐದು. ನಮ್ಮ ತಾಳದ ಗುರುತು ಮೊತ್ತದಲ್ಲಿಲ್ಲ, ವಿಭಾಗದಲ್ಲಿದೆ. ಅಂಕಿಯನ್ನು ಮಾತ್ರ ಕೊಟ್ಟು ವಿಭಾಗ ಹೇಳದೆ ಬಿಟ್ಟರೆ ತಂತ್ರಾಂಶ ತನಗೆ ತಿಳಿದದ್ದನ್ನು ಮಾಡುತ್ತದೆ. ತಪ್ಪು ಅದರದಲ್ಲ.

ಈಗ ಆ ರೂಪಕಕ್ಕೆ ಬರೋಣ. ತೀ ತೀ ನಾ, ಧೀ ನಾ, ಧೀ ನಾ. ಮೂರು-ಎರಡು-ಎರಡು. ಹಿಂದೂಸ್ತಾನಿ ತಾಳಗಳಲ್ಲಿ ಇದೊಂದು ವಿಚಿತ್ರ, ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಬೀಳುವ ಜಾಗವೇ ಖಾಲಿ, ಅಂದರೆ ಪೆಟ್ಟಿಲ್ಲದ ಜಾಗ. ಹಾಗಾಗಿ ಹಾಡುವವನಿಗೆ ಆ ಮೊದಲ ಮೂರು ಮಾತ್ರೆ ಒಟ್ಟಾಗಿ ಕಾಣುವುದು ಬಹಳ ಮುಖ್ಯ. ಅದನ್ನು ಎರಡು-ಎರಡು-ಮೂರು ಎಂದು ಕಟ್ಟಿಬಿಟ್ಟರೆ ಕಣ್ಣು ಮೂರನೇ ಮಾತ್ರೆಯ ಮೇಲೆ ಪೆಟ್ಟು ಕೊಡು ಎನ್ನುತ್ತದೆ, ತಬಲಾ ಬೇಡ ಎನ್ನುತ್ತದೆ. ನಡುವೆ ಸಿಕ್ಕವನು ಹಾಡುಗಾರ. ಕರ್ನಾಟಕ ಪದ್ಧತಿಯ ಮಿಶ್ರಛಾಪುವಿನ ಏಳಕ್ಕೂ ಇದೇ ಮಾತು. ಅಲ್ಲೂ ಮೂರು ಮೊದಲು, ನಾಲ್ಕು ಆಮೇಲೆ.

ಲಿಲಿಪಾಂಡ್‌ನಲ್ಲಿ ಇದನ್ನು ಸರಿಪಡಿಸಲು ಬೇಕಾದದ್ದು ಒಂದೇ ಸಾಲು. ‘ಟೈಮ್ 7/8’ ಎಂಬ ಆಜ್ಞೆಯ ನಡುವೆ ವಿಭಾಗವನ್ನು ತೂರಿಸಿ ‘ಟೈಮ್ 3,2,2 7/8’ ಎಂದು ಬರೆದರೆ ಸಾಕು, ಅಲ್ಲಿಂದ ಮುಂದೆ ಹಾಡಿನ ಉದ್ದಕ್ಕೂ ಪಟ್ಟಿಗಳು ಮೂರು-ಎರಡು-ಎರಡಾಗಿಯೇ ಬರುತ್ತವೆ. ಹಾಡಿನ ನಡುವೆ ಗುಂಪು ಬದಲಾಗುವುದಿದ್ದರೆ ‘ಬೀಟ್‌ಸ್ಟ್ರಕ್ಚರ್’ ಎಂಬ ಗುಣವನ್ನು ಆ ಜಾಗದಲ್ಲಿ ಬದಲಿಸಿಕೊಳ್ಳಬಹುದು. ಓದುವವರಿಗೂ ವಿಭಾಗ ತಿಳಿಯಲಿ ಎನ್ನುವುದಾದರೆ ‘ಕಾಂಪೌಂಡ್‌ಮೀಟರ್’ ಎಂಬ ಇನ್ನೊಂದು ಆಜ್ಞೆಯಿದೆ. ಅದು ಪುಟದ ಆರಂಭದಲ್ಲೇ 3+2+2 ಎಂದು ಅಚ್ಚು ಮಾಡಿ, ಪಟ್ಟಿಗಳನ್ನೂ ಅದರಂತೆ ಹೊಂದಿಸುತ್ತದೆ. ನನ್ನ ಮತ ಇದಕ್ಕೇ. ಬರೀ ಏಳು ಎಂದು ಕಂಡರೆ ಕೀಬೋರ್ಡ್ ನುಡಿಸುವ ಹೊರಗಿನವನಿಗೆ ಏನೂ ತಿಳಿಯುವುದಿಲ್ಲ, 3+2+2 ಎಂದರೆ ರೂಪಕ ಗೊತ್ತಿಲ್ಲದವನೂ ಸರಿಯಾಗಿ ಎಣಿಸುತ್ತಾನೆ.

ಮ್ಯೂಸ್‌ಸ್ಕೋರ್‌ನಲ್ಲಿ ಟೈಮ್ ಸಿಗ್ನೇಚರಿನ ಗುಣಗಳನ್ನು ತೆರೆದರೆ ಸ್ವರಗಳ ಸಾಲುಗಳು ಕಾಣುತ್ತವೆ: ಒಂದು ಬಾಲದವು, ಎರಡು ಬಾಲದವು, ಮೂರು ಬಾಲದವು. ಯಾವ ಸ್ವರದ ಹತ್ತಿರ ಪಟ್ಟಿ ಮುರಿಯಬೇಕೋ ಅದನ್ನು ಒತ್ತಿದರೆ ಆಯಿತು. ಸ್ಟೈನ್‌ಬರ್ಗ್ ಕಂಪನಿಯ ಡೊರಿಕೊದಲ್ಲಿ ಚೌಕ ಕಂಸದೊಳಗೆ 3+2+2 ಎಂದು ಟೈಪ್ ಮಾಡಿ ಮುಂದೆ ಎಂಟು ಎಂದು ಬರೆದರೆ ಅದಕ್ಕೆ ತಿಳಿಯುತ್ತದೆ. ಅದರ ಪೂರ್ಣ ಆವೃತ್ತಿಗೆ ದುಡ್ಡು ಕೊಡಬೇಕು. ದುಡ್ಡು ಕೊಟ್ಟ ತಂತ್ರಾಂಶ ಉಳಿದೇ ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ. 1988ರಿಂದ ನಡೆದುಬಂದಿದ್ದ ಫಿನಾಲೆ ಎಂಬ ದೊಡ್ಡ ತಂತ್ರಾಂಶವನ್ನು ಅದರ ಕಂಪನಿ ಇನ್ನು ಮುಂದುವರಿಸುವುದಿಲ್ಲವೆಂದು 2024ರ ಆಗಸ್ಟ್‌ನಲ್ಲಿ ಘೋಷಿಸಿತು. ಅದರಲ್ಲೇ ಜೀವಮಾನವಿಡೀ ಬರೆದವರು ತಮ್ಮ ಫೈಲುಗಳನ್ನು ಹೊತ್ತುಕೊಂಡು ಬೇರೆ ಮನೆ ಹುಡುಕಬೇಕಾಯಿತು. ಲಿಲಿಪಾಂಡ್‌ನ ಫೈಲು ಬರೀ ಅಕ್ಷರಗಳದು. ಆ ತಂತ್ರಾಂಶ ನಾಳೆ ಇಲ್ಲವಾದರೂ ಫೈಲನ್ನು ತೆರೆದು ಓದಬಹುದು. ಜನಪದ ಹಾಡಿನ ಸಂಗ್ರಹಕ್ಕೆ ಇದು ಸಣ್ಣ ಮಾತಲ್ಲ.

ವಿಭಾಗ ಹೇಳಿದರೆ ಎಲ್ಲ ಮುಗಿಯಿತೇ? ಇಲ್ಲ, ಲಯವೆಂಬುದೊಂದಿದೆ. ದ್ರುತ್ ಲಯದ ರೂಪಕದಲ್ಲಿ ಮಾತ್ರೆಗೊಂದು ಸ್ವರ, ಹೆಚ್ಚೆಂದರೆ ಎರಡು. ಅಲ್ಲಿ ವಿಭಾಗಕ್ಕೊಂದು ಪಟ್ಟಿ ಚೆನ್ನ. ವಿಲಂಬಿತಕ್ಕೆ ಬಂದಿರೋ, ಒಂದು ಮಾತ್ರೆಯೊಳಗೇ ನಾಲ್ಕು, ಎಂಟು ಸ್ವರಗಳು ಸುತ್ತಿಕೊಳ್ಳುತ್ತವೆ. ಈಗಲೂ ವಿಭಾಗಕ್ಕೊಂದು ಪಟ್ಟಿ ಎಂದರೆ ಮೊದಲ ಮೂರು ಮಾತ್ರೆಗೆ ಹನ್ನೆರಡೋ ಇಪ್ಪತ್ತನಾಲ್ಕೋ ಸ್ವರ ಒಂದೇ ಪಟ್ಟಿಗೆ ಸಿಕ್ಕಿಬೀಳುತ್ತವೆ, ಕಣ್ಣಿಗೆ ಮೊದಲು ಕೊನೆ ಗೊತ್ತಾಗದು. ಆಗ ಮಾತ್ರೆಗೊಂದು ಪಟ್ಟಿ ಬೇಕು. ಭಾತಖಂಡೆಯವರ ಕಮಾನು ಮಾಡುವುದು ಇದೇ ಕೆಲಸ. ಅದು ಮಾತ್ರೆಯನ್ನು ತೋರಿಸುತ್ತದೆ, ವಿಭಾಗ ತೋರಿಸಲು ಪಕ್ಕದಲ್ಲಿ ಉದ್ದಗೆರೆ ಇದ್ದೇ ಇದೆ. ಒಂದೇ ಹಾಡಿನಲ್ಲಿ ಎರಡೂ ಬಂದರೆ ಲಿಲಿಪಾಂಡ್‌ನಲ್ಲಿ ‘ಬೀಮ್‌ಎಕ್ಸೆಪ್ಶನ್ಸ್’ ಎಂಬ ಅಪವಾದಗಳ ಪಟ್ಟಿ ಕೊಡಬಹುದು. ಒಂದು ಬಾಲದ ಸ್ವರಗಳನ್ನು ವಿಭಾಗಕ್ಕೆ ಕಟ್ಟು, ಎರಡು ಬಾಲದವನ್ನು ಮಾತ್ರೆಗೆ ಕಟ್ಟು ಎಂದು ಬೇರೆ ಬೇರೆ ಹೇಳಬಹುದು. ವೇಗವಾಗಿ ಓಡುವ ತಾನುಗಳಿಗೆ ‘ಸಬ್‌ಡಿವೈಡ್‌ಬೀಮ್ಸ್’ ಎಂಬುದನ್ನು ಚಾಲೂ ಮಾಡಿದರೆ ಮೇಲಿನ ಪಟ್ಟಿ ಇಡಿಯಾಗಿದ್ದು ಒಳಗಿನ ಸಣ್ಣ ಪಟ್ಟಿಗಳು ಮಾತ್ರ ನಡುನಡುವೆ ಮುರಿಯುತ್ತವೆ. ಸಪಾಟ್ ತಾನ್ ಓದಲು ಇದರಷ್ಟು ಅನುಕೂಲ ಇನ್ನೊಂದಿಲ್ಲ.

ಇಷ್ಟೆಲ್ಲ ಯಾಕೆ, ಸ್ವಯಂಚಾಲಿತವನ್ನು ನಿಲ್ಲಿಸಿ ನಾವೇ ಕೈಯಿಂದ ಪಟ್ಟಿ ಹಾಕಿಕೊಂಡರಾಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ‘ಆಟೋಬೀಮ್‌ಆಫ್’ ಎಂದು ಬರೆದು, ಪಟ್ಟಿ ಶುರುವಾಗುವ ಸ್ವರದ ನಂತರ ತೆರೆಯುವ ಚೌಕ ಕಂಸ, ಮುಗಿಯುವಲ್ಲಿ ಮುಚ್ಚುವ ಕಂಸ ಹಾಕಿದರೆ ಮುಗಿಯಿತು. ವಾದ್ಯಕ್ಕೆ ಬರೆಯುವಾಗ ತೊಂದರೆಯಿಲ್ಲ. ಹಾಡಿನ ಕೆಳಗೆ ಸಾಹಿತ್ಯ ಜೋಡಿಸಿದ ಕೂಡಲೇ ಆಟ ಬೇರೆ. ಸ್ವಯಂಚಾಲಿತವನ್ನು ನಿಲ್ಲಿಸಿ ಕೈಯಿಂದ ಪಟ್ಟಿ ಹಾಕಿದಿರಿ ಎಂದರೆ, ಆ ಪಟ್ಟಿಯ ಕೆಳಗಿನ ಸ್ವರಗಳೆಲ್ಲ ಒಂದೇ ಅಕ್ಷರವನ್ನು ಎಳೆದು ಹಾಡುವ ಸ್ವರಗಳು ಎಂದು ಲಿಲಿಪಾಂಡ್ ತಿಳಿಯುತ್ತದೆ. ಮೂರು ಸ್ವರಕ್ಕೆ ಮೂರು ಅಕ್ಷರ ಬರಬೇಕಾದಲ್ಲಿ ಒಂದೇ ಅಕ್ಷರ ಕೂರುತ್ತದೆ. ಮಿಕ್ಕವು ಮುಂದಕ್ಕೆ ತಳ್ಳಲ್ಪಟ್ಟು, ಪಲ್ಲವಿ ಮುಗಿಯುವಷ್ಟರಲ್ಲಿ ಸ್ವರ ಒಂದು ಕಡೆ, ಮಾತು ಇನ್ನೊಂದು ಕಡೆ. ಹೊಸಬರು ಇದನ್ನು ತಂತ್ರಾಂಶದ ದೋಷ ಎಂದುಕೊಂಡು ಕೈಬಿಡುತ್ತಾರೆ.

ದೋಷ ಅಲ್ಲ, ಅದರ ಹಿಂದೊಂದು ಚರಿತ್ರೆಯಿದೆ. ಯುರೋಪಿನ ಹಾಡುಗಾರಿಕೆಯ ಹಳೆಯ ಅಚ್ಚಿನಲ್ಲಿ ಪದ್ಧತಿಯೇ ಹಾಗಿತ್ತು. ಅಕ್ಷರಕ್ಕೊಂದು ಸ್ವರವಾದರೆ ಬಾಲಗಳನ್ನು ಬಿಡಿಬಿಡಿಯಾಗಿಯೇ ಬಿಡುತ್ತಿದ್ದರು. ಒಂದು ಅಕ್ಷರದ ಮೇಲೆ ಸ್ವರಗಳು ಓಡಿದಾಗ ಮಾತ್ರ ಪಟ್ಟಿ ಕಟ್ಟುತ್ತಿದ್ದರು. ಅಲ್ಲಿ ಪಟ್ಟಿ ತಾಳವನ್ನಲ್ಲ, ಅಕ್ಷರದ ಎಳೆತವನ್ನು ಹೇಳುತ್ತಿತ್ತು. ಈಚಿನವರು ಹಾಡಿಗೂ ಪೆಟ್ಟಿನ ಪ್ರಕಾರವೇ ಪಟ್ಟಿ ಹಾಕುತ್ತಾರೆ, ಅಕ್ಷರದ ಎಳೆತಕ್ಕೆ ಬೇರೊಂದು ಬಾಗುಗೆರೆ ಬಳಸುತ್ತಾರೆ. ನಮ್ಮ ಹಾಡಿಗೆ ಈ ಎರಡನೆಯದೇ ವಾಸಿ. ಅಕ್ಷರಕ್ಕೊಂದರಂತೆ ಬಾಲ ಬಿಟ್ಟು ಬರೆದ ಭಜನೆಯ ಪುಟದಲ್ಲಿ ತಾಳ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಆದ್ದರಿಂದ ಸ್ವಯಂಚಾಲಿತವನ್ನು ನಿಲ್ಲಿಸಬೇಡಿ, ಅದಕ್ಕೆ ತಾಳ ಕಲಿಸಿ. ತಾನಾಗಿ ಬಿದ್ದ ಪಟ್ಟಿಯನ್ನು ಲಿಲಿಪಾಂಡ್ ಅಕ್ಷರದ ಎಳೆತ ಎಂದು ಓದುವುದಿಲ್ಲ, ಸಾಹಿತ್ಯ ಸ್ವರಕ್ಕೆ ಸರಿಯಾಗಿ ಕೂರುತ್ತದೆ.

ಸಾಹಿತ್ಯವನ್ನು ಕನ್ನಡದಲ್ಲೇ ಟೈಪ್ ಮಾಡಬಹುದು, ಒತ್ತಕ್ಷರಗಳು ಒಡೆಯದೆ ಬರುತ್ತವೆ. ಆದರೆ ಯೂನಿಕೋಡ್ ಆಗಿರಬೇಕು. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲೇ ಕೆಲಸ ನಡೆಯುತ್ತದೆ. ಅಲ್ಲಿಂದ ತಂದ ಪದ್ಯವನ್ನು ಪರಿವರ್ತಿಸದೆ ಹಾಕಿದರೆ ಸ್ವರಗಳ ಕೆಳಗೆ ಅರ್ಥವಾಗದ ಗೀಚು ಬರುತ್ತದೆ. ಇನ್ನು, ಪದಗಳನ್ನು ಅಕ್ಷರಗಳ ನಡುವೆ ಎರಡು ಅಡ್ಡಗೆರೆ ಹಾಕಿ ಬಿಡಿಸಬೇಕು. ‘ಅಣ್ಣ’ ಎಂಬುದನ್ನು ಹೇಗೆ ಬಿಡಿಸುವುದು? ಉಚ್ಚಾರದ ಲೆಕ್ಕಕ್ಕೆ ಅಣ್-ಣ. ಆದರೆ ಪುಟದ ಮೇಲೆ ಅರೆ ಅಕ್ಷರ ಕಂಡರೆ ಓದುವವನು ತಡವರಿಸುತ್ತಾನೆ. ಅ-ಣ್ಣ ಎಂದು ಒತ್ತಕ್ಷರವನ್ನು ಇಡಿಯಾಗಿ ಬಿಟ್ಟು, ‘ಅ’ಕಾರದ ಮೇಲೆ ಎರಡು ಮಾತ್ರೆಯ ಸ್ವರ ಇಡುವುದೇ ಒಳ್ಳೆಯದು. ಒತ್ತಕ್ಷರದ ಹಿಂದಿನದು ಗುರು ಎಂಬುದು ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ಗೊತ್ತಿರುವ ಸಂಗತಿ.

ಶಾಲೆಯ ಮಾತು ಬಂದಿದ್ದರಿಂದ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸಿದವರಿಗೆ ಈ ಬೀಮಿನ ವಿದ್ಯೆ ಆಗಲೇ ಅರ್ಧ ಬಂದಿದೆ. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 3-4-3-4, ಒಟ್ಟು ಹದಿನಾಲ್ಕು ಮಾತ್ರೆ. ಮೇಲೆ ಹೇಳಿದ ದೀಪಚಂದಿಯ ವಿಭಾಗವೂ ಇದೇ! ಗಮಕಿಗಳು ಕುಮಾರವ್ಯಾಸನನ್ನು ತಾಳಕ್ಕೆ ಕಟ್ಟಿ ಓದುವುದಿಲ್ಲ, ಓದಲೂಬಾರದು. ಆದರೂ ಯಾರಾದರೂ ಮಕ್ಕಳಿಗೆ ಕಲಿಸಲೆಂದು ಭಾಮಿನಿಯ ಸಾಲನ್ನು ಸ್ವರಕ್ಕೆ ಹಾಕುವುದಾದರೆ ತಂತ್ರಾಂಶಕ್ಕೆ ಕೊಡಬೇಕಾದ ಅಂಕಿ ಗಣ ವಿಭಾಗದಲ್ಲೇ ಸಿದ್ಧವಾಗಿದೆ. ವಾರ್ಧಕ ಷಟ್ಪದಿಯ ಚಿಕ್ಕ ಸಾಲಿನಲ್ಲಿ ಐದು ಮಾತ್ರೆಯ ನಾಲ್ಕು ಗಣ. ಝಪತಾಳದ ಎರಡು ಆವರ್ತನಕ್ಕೆ ಅದು ಸರಿಹೊಂದುತ್ತದೆ. ಕನ್ನಡ ಮಾಸ್ತರರು ಮತ್ತು ಸಂಗೀತ ಮಾಸ್ತರರು ಒಂದೇ ಶಾಲೆಯಲ್ಲಿದ್ದೂ ಈ ವಿಷಯವನ್ನು ಒಬ್ಬರಿಗೊಬ್ಬರು ಹೇಳುವುದಿಲ್ಲ, ಅದು ಬೇರೆ ಮಾತು.

ಹಲಸಂಗಿಯವರು ಬರೆದುಕೊಂಡ ತ್ರಿಪದಿಯಲ್ಲಿ ಮಾತ್ರ ಇಷ್ಟು ಸಲೀಸಿಲ್ಲ. ತ್ರಿಪದಿ ಅಂಶಗಣದ ಛಂದಸ್ಸು. ಒಟ್ಟು ಹನ್ನೊಂದು ಗಣ. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಮಿಕ್ಕ ಒಂಬತ್ತು ವಿಷ್ಣುಗಣ. ಅಂಶಗಣಕ್ಕೆ ಮಾತ್ರೆಯ ಗಟ್ಟಿ ಅಳತೆಯಿಲ್ಲ, ಹಾಡುವವರ ಬಾಯಲ್ಲಿ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಬೀಸುವ ಕಲ್ಲಿನ ಒಂದು ಸುತ್ತಿಗೆ ಒಂದು ಗಣವೋ ಎರಡೋ ಎಂಬುದು ಬೀಸುವ ಕೈಯ ವೇಗದ ಮೇಲೆ ನಿಂತಿದೆ. ಪುಸ್ತಕ ನೋಡಿ ಈ ವಿಭಾಗವನ್ನು ಹೇಳಲು ಬರುವುದಿಲ್ಲ, ಹಾಡುವವರನ್ನೇ ಕೇಳಬೇಕು. ಒಂದು ಸುಲಭದ ದಾರಿಯಿದೆ. ಹಾಡುತ್ತಾ ಚಪ್ಪಾಳೆ ತಟ್ಟಿ ಎಂದು ಕೇಳಿ, ಅಥವಾ ತೊಡೆಯ ಮೇಲೆ ತಾಳ ಹಾಕಿಕೊಳ್ಳಲು ಹೇಳಿ. ಪೆಟ್ಟು ಯಾವ ಅಕ್ಷರದ ಮೇಲೆ ಬೀಳುತ್ತದೋ ಅಲ್ಲಿ ಪಟ್ಟಿ ಮುರಿಯಿರಿ. ಎರಡು ಊರಿನ ಇಬ್ಬರು ಹೆಂಗಸರು ಒಂದೇ ಪದಕ್ಕೆ ಬೇರೆ ಬೇರೆ ಕಡೆ ಪೆಟ್ಟು ಕೊಟ್ಟರೆ ಎರಡನ್ನೂ ಬರೆಯಿರಿ. ಯಾವುದು ಸರಿ ಎಂದು ತೀರ್ಪು ಕೊಡುವ ಹೊಣೆ ಬರೆಯುವವನದಲ್ಲ.

ವಚನದ್ದು ಮತ್ತೊಂದು ಬಗೆ. ವಚನಕ್ಕೆ ಷಟ್ಪದಿಯ ಹಾಗೆ ನಿಗದಿಯಾದ ಛಂದಸ್ಸಿಲ್ಲ. ಮಲ್ಲಿಕಾರ್ಜುನ ಮನ್ಸೂರರಂಥವರು ರಾಗ ತಾಳಕ್ಕೆ ತಂದು ಹಾಡಿದರು. ನಮ್ಮ ಮಠ, ಗುಡಿಗಳಲ್ಲಿ ತಾಳವಿಲ್ಲದೆ ರಾಗವಾಗಿ ಹೇಳುವವರೂ ಇದ್ದಾರೆ. ತಾಳವೇ ಇಲ್ಲದ ಕಡೆ ಅಂಕಿ ಕೊಟ್ಟು ಆವರ್ತನದ ಗೆರೆ ಎಳೆಯುವುದು ಅನ್ಯಾಯ. ಲಿಲಿಪಾಂಡ್‌ನಲ್ಲಿ ‘ಕಡೆಂಜಾಆನ್’ ಎಂದು ಬರೆದರೆ ಗೆರೆಗಳು ನಿಂತುಹೋಗುತ್ತವೆ, ಸ್ವಯಂಚಾಲಿತ ಪಟ್ಟಿಯೂ ನಿಲ್ಲುತ್ತದೆ. ಇಲ್ಲಿ ಮಾತ್ರ ಕೈಯಿಂದಲೇ ಪಟ್ಟಿ ಹಾಕಬೇಕು. ಅಕ್ಷರದ ಎಳೆತಕ್ಕೆ ಪಟ್ಟಿ ಎಂಬ ಆ ಹಳೆಯ ಯುರೋಪಿನ ಪದ್ಧತಿ ತಾಳವಿಲ್ಲದ ವಚನಕ್ಕೆ ಹೇಳಿ ಮಾಡಿಸಿದಂತಿದೆ. ಸಾಲು ಎಲ್ಲಿ ಮುರಿಯಬೇಕೆಂದು ತಂತ್ರಾಂಶಕ್ಕೆ ತಿಳಿಯಬೇಕಾದರೆ ನಡುನಡುವೆ ಕಣ್ಣಿಗೆ ಕಾಣದ ಗೆರೆಗಳನ್ನು ಹಾಕಬೇಕು ಎಂಬುದನ್ನು ಮರೆಯಬಾರದು. ಇಲ್ಲದಿದ್ದರೆ ಇಡೀ ವಚನ ಒಂದೇ ಸಾಲಾಗಿ ಕಾಗದದ ಆಚೆ ಹೋಗುತ್ತದೆ.

ಈ ಪೇಚಾಟ ನಮಗೊಬ್ಬರಿಗೇ ಎಂದುಕೊಳ್ಳಬೇಕಿಲ್ಲ. ಹಂಗೇರಿಯ ಬೇಲಾ ಬಾರ್ಟೋಕ್ ‘ಮಿಕ್ರೋಕಾಸ್ಮೋಸ್’ ಸಂಪುಟದ ಕೊನೆಯ ಆರು ಪಿಯಾನೊ ರಚನೆಗಳನ್ನು ಬಲ್ಗೇರಿಯದ ಜನಪದ ಲಯಗಳಲ್ಲಿ ಬರೆದ. ಅವುಗಳಲ್ಲಿ ಒಂಬತ್ತನ್ನು ಒಂದು ಕಡೆ 4+2+3 ಎಂದೂ ಇನ್ನೊಂದು ಕಡೆ 2+2+2+3 ಎಂದೂ ಟೈಮ್ ಸಿಗ್ನೇಚರಿನಲ್ಲೇ ಬಿಡಿಸಿ ಹೇಳಿದ್ದಾನೆ. ಎರಡನೆಯ ರಚನೆಯಲ್ಲಿ 2+2+3 ಇದೆ, ನಮ್ಮ ರೂಪಕವನ್ನು ತಿರುವಿ ಹಾಕಿದ ಹಾಗೆ. ಆತನೂ ಹಳ್ಳಿ ಹಳ್ಳಿ ತಿರುಗಿ ಜನಪದ ಹಾಡು ಸಂಗ್ರಹಿಸಿದವನೇ. ಲಿಲಿಪಾಂಡ್‌ನ ಕೈಪಿಡಿಯಲ್ಲಿ ಅರಬ್ಬಿ ಸಂಗೀತಕ್ಕೆ, ತುರ್ಕಿಯ ಶಾಸ್ತ್ರೀಯ ಸಂಗೀತಕ್ಕೆ ಒಂದೊಂದು ಭಾಗವಿದೆ. ಅರಬ್ಬಿ ಭಾಗದಲ್ಲಿ ಸಮಾಯಿ ಎಂಬ 10/8ರ ಪ್ರಕಾರವನ್ನು ಹೆಸರಿಸಿ, ಸ್ವಯಂಚಾಲಿತ ಪಟ್ಟಿಗಳು ಅಲ್ಲಿನ ಅಚ್ಚಿನ ರೂಢಿಗೆ ಹೊಂದದೆ ಹೋಗಬಹುದು, ಬೇಕಾದರೆ ಬದಲಿಸಿಕೊಳ್ಳಿ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಭಾರತೀಯ ತಾಳಗಳಿಗೆ ಅಂಥ ಭಾಗ ಇಲ್ಲ. ಅದನ್ನು ಬರೆದು ಕೊಡಲು ಯಾರೂ ತಡೆಯುವುದಿಲ್ಲ; ಸ್ವತಂತ್ರ ತಂತ್ರಾಂಶ, ಬಳಸುವವರೇ ಕೈಪಿಡಿಯನ್ನೂ ಬೆಳೆಸುತ್ತಾರೆ.

ಐದು ಗೆರೆಯ ಲಿಪಿಗೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಹಿಡಿಯಲು ಬರುವುದಿಲ್ಲ, ಗಮಕ ಬರುವುದಿಲ್ಲ, ನಮಗೆ ಇದ್ಯಾಕೆ ಎಂಬ ಆಕ್ಷೇಪ ಹಳೆಯದು. ಮದ್ರಾಸಿನಲ್ಲಿ ಎ.ಎಂ. ಚಿನ್ನಸ್ವಾಮಿ ಮುದಲಿಯಾರರು ಕರ್ನಾಟಕ ಸಂಗೀತದ ಕೃತಿಗಳನ್ನು 1893ರಲ್ಲಿ ಯುರೋಪಿನ ಸ್ವರಲಿಪಿಯಲ್ಲಿ ಅಚ್ಚು ಹಾಕಿಸಿದಾಗಿನಿಂದಲೂ ಈ ಚರ್ಚೆ ನಡೆದಿದೆ. ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಮೈಸೂರಿನ ದಸರೆಯಲ್ಲಿ ‘ಕಾಯೌ ಶ್ರೀಗೌರಿ’ ನುಡಿಸುವ ಬ್ಯಾಂಡಿನವರು, ಚರ್ಚಿನ ಗಾಯನ ವೃಂದದವರು, ಸಿನಿಮಾ ಸ್ಟುಡಿಯೊದ ಪಿಟೀಲು ವಾದಕರು, ಅಮೆರಿಕದ ಶಾಲೆಯ ಆರ್ಕೆಸ್ಟ್ರಾದಲ್ಲಿ ಚೆಲ್ಲೊ ನುಡಿಸುವ ಕನ್ನಡದ ಮನೆಯ ಮಗು, ಇವರು ಓದುವುದು ಈ ಲಿಪಿಯನ್ನೇ. ಅವರ ಕೈಗೆ ನಮ್ಮ ಹಾಡು ಹೋಗುವಾಗ ಮೀಂಡ್ ಬಿಟ್ಟುಹೋದರೆ ಯಾರಾದರೂ ಹಾಡಿ ತಿದ್ದಬಹುದು. ತಾಳವೇ ತಪ್ಪಿ ಹೋದರೆ ಅದನ್ನು ಮೊದಲ ದಿನದಿಂದಲೇ ತಪ್ಪಾಗಿ ಕಲಿಯುತ್ತಾರೆ. ಬೇಸರವೆಂದರೆ, ಇಂಟರ್‌ನೆಟ್ಟಿನಲ್ಲಿ ಸಿಗುವ ನಮ್ಮ ಎಷ್ಟೋ ಭಜನೆ, ದೇವರನಾಮಗಳ ಸ್ಟಾಫ್ ಪುಟಗಳಲ್ಲಿ ಪಟ್ಟಿಗಳು ತಂತ್ರಾಂಶ ಹಾಕಿದ ಹಾಗೆಯೇ ಇವೆ. ಯಾರೂ ಮುಟ್ಟಿಲ್ಲ.

ನಾಲತವಾಡ, ತಂಗಡಗಿ, ಹಲಸಂಗಿ, ಸಿಂದಗಿಯ ಕಡೆಯ ಭಜನಾ ಮೇಳದವರು, ಹಾರ್ಮೋನಿಯಂ ಮಾಸ್ತರರು, ಕಾಲೇಜಿನಲ್ಲಿ ಜಾನಪದ ಓದುವ ಹುಡುಗರು ಈ ಕೆಲಸಕ್ಕೆ ಕೈ ಹಾಕುವುದಾದರೆ ನನ್ನದೊಂದು ವಿನಂತಿ. ಮೊದಲು ಹಾಡನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ, ಹಾಡುವವರಿಂದಲೇ ತಾಳ ಹಾಕಿಸಿ. ಫೈಲಿನ ಮೊದಲ ಸಾಲಿನಲ್ಲಿ ಆ ತಾಳದ ವಿಭಾಗವನ್ನು ಕೊಡಿ, ಅದರ ಕೆಳಗೆ ಹಾಡಿದವರ ಒಪ್ಪಿಗೆ ಪಡೆದು ಅವರ ಹೆಸರು, ಊರು ಬರೆಯಿರಿ. ಪಿಡಿಎಫ್ ಬಂತೆಂದು ಮೂಲ ಫೈಲನ್ನು ಅಳಿಸಬೇಡಿ. ನಾಳೆ ಇನ್ನೊಬ್ಬರು ಬಂದು ಪೆಟ್ಟು ಬೇರೆ ಕಡೆ ಬೀಳುತ್ತದೆ ಎಂದರೆ ತಿದ್ದಬೇಕಾದದ್ದು ಆ ಫೈಲನ್ನೇ.